ಎಳೆ ಎಣಿಸುವ ದನಿ

ಕಿರುಚಿತ್ರಗಳನ್ನು ಊರೂರಿಗೆ ಒಯ್ಯುವ ಉತ್ಸವವೊಂದಕ್ಕೆ ನಾನು ಚಿತ್ರ ಆರಿಸಿಕೊಡುತ್ತಿದ್ದೆ. ಚಳ್ಳಕೆರೆ ಮುಗಿಸಿ ಮೊಳಕಾಲ್ಮುರಿಗೆ ಹೋಗುವ ನಡುವೆ ತಳಕಿನ ಸಮುದಾಯ ಭವನದಲ್ಲಿ ಒಂದು ಮಧ್ಯಾಹ್ನದ ಪ್ರದರ್ಶನ. ಆರು ಚಿತ್ರಗಳಿದ್ದವು, ಐದೂ ಇರಬಹುದು. ಒಂದು ಮಾತ್ರ ನನ್ನದೇ ಎಂಬುದು ಖಚಿತ. ವಿಶ್ವವಿದ್ಯಾಲಯದಲ್ಲಿ ಓದುವಾಗ ತೆಗೆದದ್ದು: ಬಿ.ಜಿ. ಕೆರೆ ಕಡೆಯ ಹೆಂಗಸೊಬ್ಬರು ಕಂಬಳಿ ನೇಯುವ ಮುನ್ನ ಉದ್ದೆಳೆಗಳ ಹಾಸುದಾರ ಹೂಡುವ ಏಳು ನಿಮಿಷ. ಅವರು ಈಗಿಲ್ಲ.

ಅವರ ಮಗಳಿಗೆ ಫೋನ್ ಮಾಡಿ ಕರೆದಿದ್ದೆ.

"ಅದ್ರಾಗೆ ಅವ್ವ ಮಾತಾಡ್ತಾಳೇನ್ರಿ? ನಮ್ಮತ್ರ ಒಂದು ಫೋಟೋ ಐತೆ ಅಷ್ಟೆ. ದನಿ ಇಲ್ಲ."

"ಮಾತಾಡ್ತಾರೆ" ಎಂದುಬಿಟ್ಟೆ. ಹಳೆಯ ಕೆಲಸ ನೋಡಲು ನಾಚಿಕೆ. ಚಿತ್ರವನ್ನು ಮತ್ತೆ ತೆರೆದೇ ಇರಲಿಲ್ಲ. ಎಲ್ಲರ ಮಾತಿಗೂ ಪುರಾವೆ ಕೇಳುವವನು ನನ್ನ ಕಿವಿಯ ನೆನಪನ್ನು ಮಾತ್ರ ಹಾಗೇ ನಂಬಿದ್ದೆ.

ಹಗಲಾದ್ದರಿಂದ ಊರಿನವರು ಮನೆಗಳಿಂದ ಕರಿಕಂಬಳಿ ತಂದು ಕಿಟಕಿಗಳಿಗೆ ಕಟ್ಟಿದರು. ಒಳಗೆ ಉಣ್ಣೆಯ ವಾಸನೆ, ಬೆವರು.

"ಲೇ, ಫ್ಯಾನ್ ಹಾಕ್ಲೇ, ಬೆಂದು ಹೋಗ್ತೀವಿ."

"ಬೇಯಿ. ಟಿಕೇಟೇನು ತಗಂಡು ಬಂದೀಯಾ?"

ಮಗಳು ಮುಂದಿನ ಸಾಲಿನಲ್ಲಿ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿ ಕೂತಿದ್ದರು. ನಾನು ಕೂರಲಾರದೆ ಗೋಡೆಗೆ ಒರಗಿದೆ, ಮತ್ತೆ ಬಾಗಿಲ ಬಳಿ ಹೋದೆ.

ಚಿತ್ರ ಶುರುವಾಯಿತು. ಕೊಳಲು. ನೆಲಕ್ಕೆ ನೆಟ್ಟ ಗೂಟಗಳ ನಡುವೆ ನೂಲಿನ ಉಂಡೆ ಹಿಡಿದು ಆ ತಾಯಿ ಅತ್ತಿಂದಿತ್ತ ನಡೆಯುತ್ತಿದ್ದರು. ತುಟಿ ಆಡುತ್ತಿತ್ತು. ದನಿ ಇರಲಿಲ್ಲ. ಕೊಳಲು ಕೊನೆಯವರೆಗೂ ನಿಲ್ಲಲಿಲ್ಲ.

ಆಗ ನೆನಪಾಯಿತು, ಅಥವಾ ನೆನಪಾಯಿತೆಂದುಕೊಂಡೆ. ಹಾಸು ಹೂಡುವಾಗ ಎಳೆ ಎಣಿಸುತ್ತಲೇ ನಡೆಯಬೇಕು. ನಡುವೆ ಬೇರೆ ಮಾತಾಡಿದರೆ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ. ತಾಯಿ ಎಣಿಸುತ್ತಿದ್ದರು. ಬರೀ ಎಣಿಕೆ ಯಾರಿಗೆ ಬೇಕು ಎಂದು ಇಪ್ಪತ್ತೆರಡರ ವಯಸ್ಸಿನ ಜಾಣತನದಲ್ಲಿ ಅದನ್ನು ಅಳಿಸಿ ಕೊಳಲು ಹಾಕಿದ್ದೆ.

ಹಿಂದಿನ ಸಾಲಿನ ಮುದುಕಿಯೊಬ್ಬರು ತೆರೆಯ ಮೇಲಿನ ಕೈ ನೋಡುತ್ತ ತಾವೇ ಎಣಿಸತೊಡಗಿದ್ದರು. ಹತ್ತರವರೆಗೆ ತೆಲುಗು, ಆಮೇಲೆ ಕನ್ನಡ.

ಚಿತ್ರ ಮುಗಿದ ಮೇಲೆ ಮಗಳು ನನ್ನ ಹತ್ತಿರ ಬಂದರು. "ದನಿ ಐತೆ ಅಂದಿದ್ರಿ."

"ಇದೆ ಅಂದುಕೊಂಡಿದ್ದೆ. ನಾನೇ ತೆಗೆದುಬಿಟ್ಟಿದ್ದೀನಿ."

"ತೆಗೆದಿದ್ದನ್ನ ಎಲ್ಲಿ ಇಟ್ಟೀರಿ?"

ಹಳೆಯ ಡಿಸ್ಕಿನಲ್ಲಿ ಹುಡುಕುತ್ತೇನೆ ಎನ್ನಬಹುದಿತ್ತು. ಆ ಡಿಸ್ಕಿನ ಮೇಲೆ ಬೇರೇನನ್ನೋ ತುಂಬಿ ಎಷ್ಟೋ ವರ್ಷಗಳಾಗಿದ್ದವು. "ಎಲ್ಲೂ ಇಲ್ಲ" ಎಂದೆ.

ಎಣಿಸಿದ್ದ ಮುದುಕಿ ನಡುವೆ ಬಾಯಿ ಹಾಕಿದರು. "ಇವಳ ದನೀನೂ ಅವರವ್ವಂದೇ ಕಣ್ರಿ. ಇವಳ ಕೈಲೇ ಎಣಿಸ್ಕಳ್ರಿ."

ನಾನು, ನಾಚಿಕೆಗೆಟ್ಟವನು, ರೆಕಾರ್ಡ್ ಮಾಡಲು ಫೋನ್ ತೆಗೆದೇಬಿಟ್ಟೆ.

"ನನ್ನ ದನಿ ನನಗ್ಯಾಕ್ರಿ?" ಎಂದರು ಮಗಳು. ಸಿಟ್ಟಿರಲಿಲ್ಲ. "ಅದು ದಿನಾ ಕೇಳ್ತೈತೆ." ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

ಇದನ್ನು ಬರೆಯುವಾಗಲೂ ಆ ತಾಯಿಯ ಎಣಿಕೆ ನನಗೆ ಸ್ಪಷ್ಟವಾಗಿ ಕೇಳುತ್ತಿದೆ: ಹತ್ತರವರೆಗೆ ತೆಲುಗು, ಆಮೇಲೆ ಕನ್ನಡ. ಅದು ಅವರದೋ, ತಳಕಿನ ಮುದುಕಿಯದೋ ಬಿಡಿಸಿ ಹೇಳಲಾರೆ. ನಿಮ್ಮವ್ವ ಹೀಗೇ ಎಣಿಸ್ತಿದ್ರಾ ಎಂದು ಕೇಳಲು ಮಗಳಿಗೆ ಮತ್ತೊಮ್ಮೆ ಫೋನ್ ಮಾಡಬೇಕೆಂದು ಎರಡು ಸಲ ನಂಬರು ಒತ್ತಿ ಅಳಿಸಿದ್ದೇನೆ.