ತಳ ಕಂಡ ಸೀಸೆ

ರಾಗಿ ಬೀಸುತ್ತಾ ಕೂತಿದ್ದೆ. ಬೀದಿಯಲ್ಲಿ ತಮಟೆ ಸದ್ದಾಯಿತು. ಕಲ್ಲು ನಿಲ್ಲಿಸಿದೆ.

"ಕೇಳ್ರಪ್ಪೋ ಕೇಳಿ! ಇನ್ಮೇಲೆ ಬೇಸ್ತವಾರ ಬೇಸ್ತವಾರ ಡಾಕ್ಟ್ರು ನಮ್ಮೂರಿಗೇ ಬತ್ತಾರೆ. ಇವತ್ತೇ ಸುರು. ಚಾವಡೀಲಿ ಕೂತ್ಕತಾರೆ. ಔಸ್ತಿ ಬೇಕಾದೋರು ಸೀಸೆ ತರ್ಬೇಕು!"

ಅದು ಯುದ್ಧದ ಕಾಲ, ಅಂಗಡಿಯಲ್ಲಿ ಸೀಸೆ ಸಿಗುತ್ತಿರಲಿಲ್ಲ. ಕುಂದಾಣದ ಈಚೆಗೆ ಡಾಕ್ಟರು ಬಂದದ್ದನ್ನು ನಾನು ಕಂಡಿರಲೇ ಇಲ್ಲ. ಕಾಯಿಲೆಯವರನ್ನು ಗಾಡಿಯಲ್ಲಿ ಮಲಗಿಸಿಕೊಂಡು ದೇವನಹಳ್ಳಿಗೆ ಹೋಗಬೇಕಿತ್ತು. ಹಿಂದಿನ ಮಳೆಗಾಲದಲ್ಲಿ ನನ್ನ ಮಗಳನ್ನೂ ಹಾಗೇ ಕರೆದೊಯ್ದಿದ್ದೆವು. ಡಾಕ್ಟರು ಎದೆ ನೋಡಿ, ಸೀಸೆಗೆ ಔಷಧಿ ತುಂಬಿ, ಮುಗಿಯುವಷ್ಟರಲ್ಲಿ ಮತ್ತೆ ಕರೆತನ್ನಿ ಎಂದರು. ಹಳ್ಳ ತುಂಬಿತು, ಗಾಡಿ ದಾಟಲಿಲ್ಲ. ಔಷಧಿ ಅರ್ಧ ಇರುವಾಗಲೇ ಮಗು ಹೋಯಿತು.

ಆ ಅರ್ಧ ಸೀಸೆ ದೇವರ ಗೂಡಿನಲ್ಲೇ ಇತ್ತು. ಸಂಜೆ ದೀಪ ಹಚ್ಚಿದರೆ ಅದರೊಳಗೂ ಒಂದು ದೀಪ ಕಾಣುತ್ತಿತ್ತು. ಬೀಸುವ ಕಲ್ಲಿನ ಪಕ್ಕದಲ್ಲೇ ಮಗಳು ಮಲಗುತ್ತಿದ್ದಳು. ಕಲ್ಲು ತಿರುಗುವ ತನಕ ನಿದ್ದೆ, ನಿಂತರೆ ಕೆಮ್ಮು. ಅವಳು ಹೋದ ಮೇಲೂ ಕಲ್ಲು ನಿಂತರೆ ಕೆಮ್ಮು ಕೇಳುತ್ತಿತ್ತು. ಅವತ್ತೂ ಕೇಳಿತು.

ತಮಟೆ ಸದ್ದು ಊರು ಸುತ್ತಿ ನಿಂತು ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯವಳು ಬಂದಳು. ಸೊಂಟದ ಮೇಲೆ ಮಗ. ಜ್ವರಕ್ಕೆ ಕತ್ತು ವಾಲಿತ್ತು.

"ಅಕ್ಕಾ, ಒಂದ್ ಸೀಸೆ ಕೊಡಕ್ಕ. ಊರೆಲ್ಲಾ ಅಲೆದ್ಬಂದೆ. ಒಬ್ರ ಮನೇಲಿತ್ತು, ಅದ್ರ ಬಾಯಿ ಒಡ್ದೋಗೈತೆ."

ನನ್ನ ಕಣ್ಣು ಗೂಡಿನ ಕಡೆ ಹೋದದ್ದನ್ನು ಅತ್ತೆ ಕಂಡರು. "ಹೋದ್ ಮಗೀನ ಸೀಸೇನ ಇರೋ ಮಗೀಗೆ ಕೊಡ್ತಾರೇನೆ? ಬುದ್ಧಿ ಐತಾ ನಿಂಗೆ?"

"ಸತ್ತೋರು ಮುಟ್ಟಿದ್ದೆಲ್ಲಾ ಬಿಸಾಕಂಗಿದ್ರೆ ಈ ಊರಲ್ಲಿ ಒಂದ್ ಚಾಪೇನಾದ್ರೂ ಉಳೀತಿತ್ತಾ ದೊಡ್ಡವ್ವಾ?" ಎಂದಳು ಅವಳು. ಅತ್ತೆ ಬಾಯಿಗೆ ಎಲೆ ಅಡಿಕೆ ಹಾಕಿಕೊಂಡರು.

ಔಷಧಿಯನ್ನು ತುಳಸಿಯ ಬುಡಕ್ಕೆ ಸುರಿದೆ. ಅದು ನನ್ನ ಮಗಳ ಪಾಲಿನದು. ತಾಯೀ, ನೀನೇ ಇಟ್ಟುಕೋ ಎಂದೆ. ಸೀಸೆಯನ್ನು ಬೂದಿ ಹಾಕಿ, ಬಿಸಿನೀರು ಹಾಕಿ ತೊಳೆದೆ. ವಾಸನೆ ಹೋಗಲಿಲ್ಲ. ಹಾಗೇ ಕೊಟ್ಟೆ.

ಆ ವಾರವೆಲ್ಲಾ ಗೂಡಿನ ಕಡೆ ನೋಡಲು ಭಯ. ಗೋಡೆಯಾಚೆ ಅಳು ಎದ್ದೀತೇ ಎಂದು ಕಿವಿ ಅಲ್ಲೇ ಇರುತ್ತಿತ್ತು.

ಮುಂದಿನ ಬೇಸ್ತವಾರ ಬೆಳಿಗ್ಗೆ ಅವಳು ಬಂದಳು. ಹುಡುಗ ಸೆರಗು ಹಿಡಿದು ತಾನೇ ನಡೆದು ಬಂದಿದ್ದ. ಸೀಸೆಯನ್ನು ನನ್ನ ಕೈಗಿತ್ತು, "ನೋಡಕ್ಕ, ಒಂದ್ ತೊಟ್ಟೂ ಉಳ್ಸಿಲ್ಲ" ಎಂದಳು.

ಬೆಳಕಿಗೆ ಹಿಡಿದೆ. ತಳ ಕಂಡಿತು. ನನ್ನ ಮನೆಯಲ್ಲಿ ಕಾಣದ ತಳ. ಆ ಸೀಸೆಯ ಬಾಯಿ ಒಡೆಯದಂತೆ ದೇವರು ಕಾದಿದ್ದನಲ್ಲ, ಅದೂ ಒಂದು ಕರುಣೆಯೇ ಎಂದುಕೊಂಡೆ.

ಅಷ್ಟರಲ್ಲಿ ಬೀಸುವ ಕಲ್ಲಿನ ಹತ್ತಿರ ಕೆಮ್ಮು. ತಿರುಗಿದರೆ ಅವಳ ಹುಡುಗ, ಕಲ್ಲಿನ ಗೂಟ ಹಿಡಿದು ಕೂತಿದ್ದ.

"ಚೂರು ಕೆಮ್ಮು ಉಳ್ಕಂಡೈತೆ. ಇನ್ನೊಂದ್ ಸೀಸೆ ಕುಡಿಸ್ಬೇಕಂತೆ. ಇನ್ನೊಂದ್ ಸಲ ಕೊಡ್ತೀಯಾ ಅಕ್ಕ?"

ಕೊಟ್ಟೆ. ತಾಯಿ ಮಗ ಚಾವಡಿಯ ಕಡೆ ಹೋದರು. ಹಳ್ಳ ದಾಟುವ ಕೆಲಸವಿಲ್ಲ, ನಾಲ್ಕು ಹೆಜ್ಜೆ.

ಅವರು ಹೋದ ಮೇಲೂ ಕಲ್ಲಿನ ಪಕ್ಕದಲ್ಲಿ ಒಂದು ಕೆಮ್ಮು ಕೇಳಿತು. ಕೂತು, ಕಲ್ಲಿನ ಬಾಯಿಗೆ ಒಂದು ಹಿಡಿ ರಾಗಿ ಹಾಕಿ, ತಿರುಗಿಸತೊಡಗಿದೆ.