ಹೆಪ್ಪಲ್ಲ, ಜೋಡಿ

ಕಪಾಟಿನಿಂದ ಹಳೆಯ ಪತ್ರಿಕೆಯೊಂದನ್ನು ಎಳೆದಾಗ ಅದರ ಜೊತೆ ಅಂಗೈಯಗಲದ ಒಂದು ರೆಸಿನ್ ಬಿಲ್ಲೆಯೂ ಬಂತು. ಕಾಗದ ಅದಕ್ಕೆ ಅಂಟಿಕೊಂಡಿತ್ತು. ಬಿಡಿಸಿದರೆ ಅಕ್ಷರಗಳು ತಿರುವುಮುರುವಾಗಿ ಬಿಲ್ಲೆಯ ಮೇಲೆಯೇ ಉಳಿದವು. ಇಷ್ಟು ವರ್ಷವಾದರೂ ಗಟ್ಟಿಯಾಗಿಲ್ಲ. ಮೂಗಿಗೆ ಹಿಡಿದೆ. ಸಣ್ಣಗೆ, ಮೀನಿನಂಥ ಆ ವಾಸನೆ... ಹುಣಸೂರಿನ ನಮ್ಮ ಬೀದಿ, ಎದುರುಮನೆಯ ಅತ್ತೆ.

ಸಂಬಂಧವೇನಲ್ಲ, ಎದುರುಮನೆಯವರೆಂದು ಅತ್ತೆ. ಮೊಬೈಲಿನಲ್ಲಿ ವಿಡಿಯೊ ನೋಡಿ ರೆಸಿನ್ ಕೆಲಸ ಕಲಿತವರು. ಮದುವೆಯ ಹಾರದ ಹೂವು, ಮಗುವಿನ ಮೊದಲ ಬಳೆ, ಯಾರು ಏನು ತಂದರೂ ಅಚ್ಚಿನಲ್ಲಿಟ್ಟು, ಮೇಲೆ ರೆಸಿನ್ ಎಂಬ ತಿಳಿಯಾದ ಅಂಟುದ್ರವ ಸುರಿದು, ಗಾಜಿನಂತೆ ಕಾಣುವ ಗಟ್ಟಿಯೊಳಗೆ ಉಳಿಸಿಕೊಡುತ್ತಿದ್ದರು. ರೆಸಿನ್ ಗಟ್ಟಿಯಾಗಲು ಇನ್ನೊಂದು ಬಾಟಲಿಯ ದ್ರವ ಬೆರೆಸಬೇಕು. ಅಂಗಡಿಯವರು ಅದನ್ನು ಹಾರ್ಡನರ್ ಅನ್ನುತ್ತಿದ್ದರು, ಅತ್ತೆ ಹೆಪ್ಪು ಅನ್ನುತ್ತಿದ್ದರು. ದಿನವೂ ಹಾಲಿಗೆ ಹೆಪ್ಪು ಹಾಕುವ ಕೈಗೆ ಬೇರೆ ಯಾವ ಹೆಸರು ಹೊಳೆದೀತು?

ಒಂದು ಚಳಿಗಾಲದಲ್ಲಿ ಚುಂಚನಕಟ್ಟೆ ಕಡೆಯ ರೈತರೊಬ್ಬರು ಭತ್ತದ ತೆನೆಯ ಗೊಂಚಲು ತಂದರು. ಅವರ ತಾಯಿ ಬದುಕಿದ್ದಾಗ ದಾರದಲ್ಲಿ ಕಟ್ಟಿ ಬಾಗಿಲಿಗೆ ತೂಗುಹಾಕಿದ್ದು. ಹಳೆಯ ಮನೆ ಕೆಡವಿ ಹೊಸದು ಕಟ್ಟಿದ್ದರು. ಗೃಹಪ್ರವೇಶದ ದಿನ ಅದು ಹೊಸ ಬಾಗಿಲ ಮೇಲೆ ಇರಬೇಕು. ಮುಟ್ಟಿದರೆ ಕಾಳು ಉದುರುತ್ತಿತ್ತು. ಕೆಟ್ಟರೆ ಮತ್ತೊಂದಿಲ್ಲ.

ಅತ್ತೆ ಮೊದಲು ಬೇರೆ ತೆನೆಗಳನ್ನಿಟ್ಟು ಪರೀಕ್ಷೆ ಮಾಡಿದರು. ಮಾರನೆಯ ದಿನ ಹೆಬ್ಬೆರಳಿಟ್ಟರೆ ಅಂಟು. ತೆನೆಯಲ್ಲಿ ತೇವವಿದ್ದೀತೆಂದು ಬಿಸಿಲಿಗಿಟ್ಟು ಒಣಗಿಸಿದರು. ಅಂಟು. ತೆನೆಯೇ ಇಲ್ಲದೆ ಬರೀ ರೆಸಿನ್ ಸುರಿದರು. ಆಗಲೂ ಅಂಟೇ. ಚಳಿಯದೇ ದೋಷವೆಂದು ಅಚ್ಚನ್ನು ಬೆಚ್ಚಗಿನ ಮೂಲೆಗೆ ಸರಿಸಿದರು. ಚಳಿ ಶುರುವಾದಾಗಿನಿಂದ ಪ್ರತಿ ಸಲವೂ ಅಳತೆ ಮುಗಿದ ಮೇಲೆ ಹೆಪ್ಪನ್ನು ಒಂದಿಷ್ಟು ಹೆಚ್ಚಿಗೆ ಹಾಕುತ್ತಿದ್ದರು. ಚಳಿಯಲ್ಲಿ ಮೊಸರಿಗೆ ಹಾಗೆ ತಾನೆ ಮಾಡುವುದು?

ಅತ್ತೆಯ ಗಂಡ, ನಾನು ಮಾವ ಅನ್ನುತ್ತಿದ್ದವರು, ಬಾಗಿಲಲ್ಲಿ ನಿಂತು ನೋಡಿದರು. “ಏನಮ್ಮಿ, ಗಾಜು ಮಾಡ್ತೀನಿ ಅಂತ ಜೋನಿಬೆಲ್ಲ ಮಾಡ್ಬುಟ್ಟಿದ್ದೀಯಲ್ಲ! ಒಂದು ದೋಸೆ ಉಯ್ಕೊಡು, ನೆಂಚ್ಕೋತೀನಿ.”

“ನೆಂಚ್ಕೊಳ್ಳಿ. ಬಾಯಿ ಅಂಟ್ಕೊಂಡ್ರೆ ನಂಗೂ ಒಸಿ ನೆಮ್ದಿ.”

ಕೊನೆಯ ಪರೀಕ್ಷೆಯ ಹೊತ್ತಿಗೆ ಹಾರ್ಡನರ್ ಬಾಟಲಿ ಮುಗಿಯಿತು. ಬಾಟಲಿಯ ಮೇಲೆ ಹೇಳಿದ್ದ ಅಳತೆಗೆ ಸರಿಯಾಗಿ ಸಿಕ್ಕಿತು, ಚಳಿಗೆಂದು ಹಾಕುವ ಆ ‘ಒಂದಿಷ್ಟಕ್ಕೆ’ ಏನೂ ಉಳಿಯಲಿಲ್ಲ. ಅತ್ತೆ ಬೈದುಕೊಂಡೇ ಸುರಿದರು. ಮರುದಿನ ನನ್ನನ್ನು ಕೂಗಿ ಕರೆದು, ಆ ಬಿಲ್ಲೆಯನ್ನು ಮೆಟ್ಟಿಲ ಕಲ್ಲಿಗೆ ತಟ್ಟಿದರು. ಟಣ್ ಅಂದಿತು.

“ಹೆಪ್ಪು ಅಂದ್ಕೊಂಡು ಕೆಟ್ಟೆ ಕಣಮ್ಮಿ. ಇದು ಹೆಪ್ಪಲ್ಲ, ಜೋಡಿ. ಎತ್ತಿಗೆ ಎತ್ತು ಇದ್ದಂಗೆ. ಮಿಕ್ಕಿದ್ ಎತ್ತಿಗೆ ನೊಗ ಎಲ್ಲದೆ? ಸುಮ್ನೆ ಒಳಗೇ ತಿರುಗ್ತಾ ಇರ್ತದೆ. ಅದೇ ಈ ಅಂಟು.”

ಇಷ್ಟು ಅಚ್ಚುಕಟ್ಟಾಗಿ ಹೇಳಿದರೋ, ಹೇಳಿಕೊಂಡು ಬರುತ್ತಾ ನಾನೇ ತಿದ್ದಿದೆನೋ... ಗೊತ್ತಿಲ್ಲ. ಎತ್ತು ಅಂದದ್ದು ಖಂಡಿತ. ನೊಗ ನಾನು ಸೇರಿಸಿದ್ದಿರಬಹುದು. ಟಣ್ ಎಂಬ ಸದ್ದು ಮಾತ್ರ ನಾನು ಕಟ್ಟಿದ್ದಲ್ಲ.

ಹೊಸ ಬಾಟಲಿ ಬಂತು. ಈ ಸಲ ಅಳೆದಷ್ಟೇ ಹಾಕಿ, ಆ ತಾಯಿಯ ಗೊಂಚಲಿನ ಮೇಲೆ ಸುರಿದರು. ರೈತರು ಬಂದು ಬೆಳಕಿಗೆ ಹಿಡಿದು ನೋಡಿದರು. ಅವರ ಕಣ್ಣು ಕಾಳಿನ ಮೇಲಿರಲಿಲ್ಲ, ದಾರದ ಮೇಲಿತ್ತು. “ನಮ್ಮವ್ವ ಆಕಿದ್ ಗಂಟು ಅಂಗೇ ಅದೆ ಕಣಕ್ಕ.”

ಅತ್ತೆ ವಿನಯ ತೋರಿಸುವವರಲ್ಲ. “ಇನ್ನು ನಿಮ್ ಮೊಮ್ಮಕ್ಳೂ ಬಿಚ್ಚಕಾಗಕಿಲ್ಲ ಬುಡಿ,” ಅಂದರು. ಮಾವ ಎಲ್ಲರಿಗೂ ಕಾಫಿ ತಂದರು. ಆ ದಿನ ಬೀದಿಯಲ್ಲಿ ನಾನೂ ತಲೆಯೆತ್ತಿ ನಡೆದೆ, ನಾನೇ ಸುರಿದವಳಂತೆ. ಆಮೇಲೆ ಸುತ್ತಲ ಊರುಗಳ ಎಷ್ಟೋ ಹೆಂಗಸರಿಗೆ ಅತ್ತೆ ಈ ಕೆಲಸ ಕಲಿಸಿದರು.

ಈಗ ಅವರಿಲ್ಲ. ಮೊನ್ನೆ ಪಿರಿಯಾಪಟ್ಟಣದ ಬಣ್ಣದಂಗಡಿಯಲ್ಲಿ ಒಬ್ಬಳು, “ಅಣ್ಣ, ರೆಸಿನ್ ಒಂದು, ಅದ್ರ ಜೋಡಿ ಒಂದು ಕೊಡಿ” ಅಂದಳು. ಅಂಗಡಿಯವನು ಕೂಡಲೇ ಎರಡೂ ಬಾಟಲಿ ಎತ್ತಿಟ್ಟ. ಯಾರಿಂದ ಕಲಿತಿರಿ ಎಂದು ಕೇಳುವ ಆಸೆಯಾಯಿತು. ಬೇರೆ ಯಾರ ಹೆಸರನ್ನೋ ಹೇಳಿಬಿಟ್ಟಾಳೆಂಬ ಭಯಕ್ಕೆ ಕೇಳದೆ ಬಂದೆ.

ನನ್ನ ಕೈಯಲ್ಲಿರುವುದು ಅಂದು ಅಂಟಾಗಿಯೇ ಉಳಿದ ಬಿಲ್ಲೆಗಳಲ್ಲೊಂದು. ಅದರ ಇನ್ನೊಂದು ಬದಿಯಲ್ಲಿ ಹೆಬ್ಬೆರಳಿನ ಗುರುತಿದೆ, ಗಟ್ಟಿಯಾಯಿತೇ ಎಂದು ಅತ್ತೆ ಒತ್ತಿ ನೋಡಿದ್ದು. ಚೆನ್ನಾಗಿ ಬಂದ ಯಾವುದರಲ್ಲೂ ಅದು ಉಳಿದಿಲ್ಲ. ಅದರ ಮೇಲೆ ನನ್ನ ಬೆರಳಿಟ್ಟು ನೋಡೋಣವೆನ್ನಿಸಿತು... ಇಡಲಿಲ್ಲ. ಇನ್ನೂ ಹಸಿಯಾಗಿದೆ.