ಹುಲಿಗಿಗೆ ಕೊಟ್ಟ ಕಾಗದದ ಹೂವು

"ಅಕ್ಕೋರ, ಈ ಮನಿ ಮ್ಯಾಲ ಮಕ್ಕೊಂಡ್ರ ಉರುಳಿ ಕೆಳಗ ಬೀಳ್ತೀವಲ್ರಿ?"

ಸಿರುಗುಪ್ಪದ ಬಾಲವಾಡಿಗೆ ನಾನು ಹೋದ ಮೊದಲ ದಿನ, ನಾನು ಬಾಯಿ ತೆಗೆಯುವ ಮೊದಲೇ ನಾಲ್ಕು ವರ್ಷದ ಹುಲಿಗೆಮ್ಮ, ಎಲ್ಲರ ಬಾಯಲ್ಲಿ ಹುಲಿಗಿ, ಕೇಳಿದ ಪ್ರಶ್ನೆ ಇದು. ಗೋಡೆಗೆ ನಾನು ನೇತುಹಾಕಿದ್ದು ಮೈಸೂರಿನಲ್ಲಿ ಶಿಶುವಿಹಾರದ ತರಬೇತಿಯಾಗುವಾಗ ಬರೆದು, ಬಣ್ಣ ಹಚ್ಚಿ, ಬಹುಮಾನ ಪಡೆದ 'ಮನೆ'ಯ ಚಿತ್ರ. ಕೆಂಪು ಹೆಂಚಿನ ಇಳಿಜಾರು ಮಾಡು, ಎರಡು ಕಿಟಕಿ, ಬಾಗಿಲಿಗೆ ತೋರಣ. ಬಾಲವಾಡಿಯ ಮಕ್ಕಳ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು, ಮೇಲೆ ಅಂಗಳದಷ್ಟು ಸಪಾಟು. ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಚಾಪೆ, ಕೌದಿ ಹೊತ್ತು ಮೇಲೇರುತ್ತಾರೆ. ಮಲಗಲು ಬಾರದ ಮಾಡು ಅದೆಂಥ ಮಾಡು ಎಂದು ಹುಡುಗಿಗೆ ನಿಜವಾಗಿಯೂ ಚಿಂತೆಯಾಗಿತ್ತು. ನಾನು ಮುಗುಳ್ನಕ್ಕು, "ಇದು ಪಾಠದ ಮನೆ ಪುಟ್ಟಿ, ಇದರ ಮೇಲೆ ಯಾರೂ ಮಲಗಲ್ಲ" ಅಂದೆ. ಆ ದಿನವೇ ಆ ಚಿತ್ರ ಮಡಿಸಿ ಟ್ರಂಕಿಗೆ ಹಾಕಿದ್ದರೆ ಇಂದು ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಎಪ್ಪತ್ತರ ದಶಕದ ನಡುವೆ ನಮ್ಮ ಯಜಮಾನರಿಗೆ ಕಾಲುವೆ ಇಲಾಖೆಯಲ್ಲಿ ಇಲ್ಲಿಗೆ ವರ್ಗವಾಯಿತು. ಮೈಸೂರಿನ ನಮ್ಮ ನೆಂಟರೆಲ್ಲ ಸಾವಿನ ಮನೆಗೆ ಬಂದವರ ಹಾಗೆ ಬಂದು ಮಾತಾಡಿಸಿಕೊಂಡು ಹೋದರು. ಬಳ್ಳಾರಿಯಲ್ಲಿ ರೈಲಿಳಿದಾಗ ಬೆಳಗಿನ ಎಂಟು ಗಂಟೆ. ಬಿಸಿಲು ಆಗಲೇ ಒಲೆಯ ಮುಂದೆ ಕೂತ ಹಾಗಿತ್ತು. ಮೈಸೂರಿನಲ್ಲಿ ನಾವು ಬಿಸಿಲಿಗೆ ಕೊಡೆ ಹಿಡಿಯುತ್ತೇವೆ, ಇಲ್ಲಿ ಜನ ಬಿಸಿಲಿನ ಜೊತೆ ಒಪ್ಪಂದ ಮಾಡಿಕೊಂಡಿದ್ದಾರೆ. ಮಧ್ಯಾಹ್ನ ಬೀದಿ ಅದರದು, ಸಂಜೆ ಇವರದು. ಮನೆಯ ಒಡತಿ ತೆಲುಗಿನಲ್ಲಿ ಮಾತಾಡಿದರೆ ನಾನು ತಲೆಯಾಡಿಸುತ್ತಿದ್ದೆ. ನಾನು ಕನ್ನಡದಲ್ಲಿ ಮಾತಾಡಿದರೆ ಅಂಗಡಿಯವರು ನಗುತ್ತಿದ್ದರು. "ಕೊಡಿ" ಎಂಬ ನನ್ನ ಮಾತು ಅವರಿಗೆ ತೀರ ನಯವಾಗಿ, ನಾಟಕದ ಮಾತಿನಂತೆ ಕೇಳಿಸುತ್ತಿತ್ತಂತೆ. ಯಜಮಾನರು ಕಾಲುವೆ ನೋಡಲು ದೇಶನೂರಿನ ಕಡೆ ಹೋದರೆ ದಿನವಿಡೀ ಮಾತಾಡಲು ಯಾರೂ ಇರಲಿಲ್ಲ. ಅಳು ಬಂದರೆ ಈರುಳ್ಳಿ ಹೆಚ್ಚುತ್ತ ಕೂರುತ್ತಿದ್ದೆ, ಅದಕ್ಕೊಂದು ನೆಪವಾದರೂ ಇರಲಿ ಎಂದು.

ಆ ಒಂಟಿತನದಿಂದ ನನ್ನನ್ನು ಎತ್ತಿದ್ದು ಬಾಲವಾಡಿ. ಬಳ್ಳಾರಿಯ ಒಂದು ಮಹಿಳಾ ಸಂಘದವರು ಸಿರುಗುಪ್ಪ, ಹಚ್ಚೊಳ್ಳಿ, ದೇಶನೂರು, ಕುರುಗೋಡುಗಳಲ್ಲಿ ಬಾಲವಾಡಿ ನಡೆಸುತ್ತಿದ್ದರು. ತರಬೇತಿಯಾದವಳು ಸಿಕ್ಕಳೆಂದು ಅವರ ಅಧ್ಯಕ್ಷೆ ನನಗೊಂದು ಕೆಲಸ ಒಪ್ಪಿಸಿದರು. ಮೂರರಿಂದ ಐದು ವರ್ಷದ ಮಕ್ಕಳಿಗೆ 'ಸಮಾಜ ಪರಿಚಯ'ದ ಒಂದು ವರ್ಷದ ಪಾಠಯೋಜನೆ ಬರೆಯಬೇಕು, ಸಿರುಗುಪ್ಪದಲ್ಲಿ ಮಾಡಿ ನೋಡಬೇಕು, ದಸರೆಗೆ ಮುಂಚೆ ಬಳ್ಳಾರಿಯ ಸಭೆಯಲ್ಲಿ ಒಪ್ಪಿಸಬೇಕು. ನನಗೆ ಕೋಡು ಮೂಡಿತು.

ಬಾಲವಾಡಿಯ ಆಯಾ ಖಾಸಿಂಬಿ ನನಗಿಂತ ಇಪ್ಪತ್ತು ವರ್ಷ ದೊಡ್ಡವಳು. ಇಲ್ಲಿ ಟೀಚರಮ್ಮನಿಗೆ ಅಕ್ಕೋರು ಅನ್ನುತ್ತಾರೆ ಎಂದು ಹೇಳಿಕೊಟ್ಟವಳು ಅವಳು. ಉಗ್ಗಾಣಿ ಮಾಡಲು, ಅಂದರೆ ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕಲು ಕಲಿಸಿದವಳೂ ಅವಳೇ. ನನ್ನ ಮೊದಲ ಜೋಳದ ರೊಟ್ಟಿ ನೋಡಿ, "ಇದು ರೊಟ್ಟಿ ಅಲ್ರಿ, ಸಿರುಗುಪ್ಪ ತಾಲೂಕಿನ ನಕಾಶಿ. ನೋಡ್ರಿ, ಇಲ್ಲಿ ಹಚ್ಚೊಳ್ಳಿ ಹರದೈತಿ" ಎಂದಳು. ತಿಂಗಳು ಕಳೆಯುವುದರೊಳಗೆ ರೊಟ್ಟಿ ದುಂಡಗಾಯಿತು. ಊರು ನನಗೆ ಒಗ್ಗಿತು ಅಂದುಕೊಂಡೆ.

ಪಾಠಯೋಜನೆಗೆ ನಾನು ಮೈಸೂರಿನ ನೋಟುಪುಸ್ತಕ ತೆರೆದೆ. ಮಗುವಿನ ಸಮಾಜ ಮನೆಯಿಂದ ಶುರು. ಆಮೇಲೆ ಬೀದಿ, ಆಮೇಲೆ ಊರು. ಮನೆಯ ಪಾಠದಲ್ಲಿ ಮೊದಲ ಮೆಟ್ಟಿಲು ತಂದೆಯ ಹೆಸರು. ಮಗು ಎದ್ದು ನಿಂತು, ಕೈಕಟ್ಟಿ, 'ನಮ್ಮ ತಂದೆ ಇಂಥವರು, ತಾಯಿ ಇಂಥವರು' ಎನ್ನಬೇಕು. ಸರಿಯಾಗಿ ಹೇಳಿದವರಿಗೆ ಎದೆಗೆ ಒಂದು ಕಾಗದದ ಹೂವು. ಗುಲಾಬಿ ಬಣ್ಣದ ಕಾಗದ ತಂದು ನಾನೇ ಕತ್ತರಿಸಿ ಒಂದು ಡಬ್ಬಿ ತುಂಬ ಮಾಡಿಟ್ಟಿದ್ದೆ.

ಹುಲಿಗಿಯ ಸರದಿ ಬಂತು. ಎದ್ದಳು, ಕೈಕಟ್ಟಿದಳು. "ನಮ್ಮವ್ವ ನೀಲವ್ವ" ಅಂದಳು.

"ತಂದೆ ಹೆಸರು ಪುಟ್ಟಿ?"

"ಅಪ್ಪ ಇಲ್ರಿ."

"ತೀರಿಕೊಂಡಿದ್ರೂ ಹೆಸರು ಇರತ್ತಲ್ಲ. ಏನು ಹೆಸರು?"

"ಇಲ್ರಿ" ಅಂದಳು, ಡಬ್ಬಿಯನ್ನೇ ನೋಡುತ್ತ.

ಮೊಂಡು ಎಂದುಕೊಂಡೆ. ಮನೆಯಲ್ಲಿ ಕೇಳಿಕೊಂಡು ಬಂದರೆ ನಾಳೆ ಹೂವು ಕೊಡುತ್ತೇನೆ ಎಂದು ಕೂರಿಸಿದೆ. ಮಿಕ್ಕ ಮಕ್ಕಳು ಯಾರೂ ನಗಲಿಲ್ಲ, ಪಿಸುಗುಡಲಿಲ್ಲ. ಅದನ್ನು ನಾನು ಆಗ ಗಮನಿಸಲಿಲ್ಲ, ಆಮೇಲೆ ಜೀವನವಿಡೀ ನೆನೆದಿದ್ದೇನೆ.

ಮರುದಿನ ಹುಲಿಗಿ ಓಡುತ್ತಲೇ ಬಂದಳು. ತಲೆಗೆ ಎಣ್ಣೆ, ಹೊಸ ರಿಬ್ಬನ್ನು. ಯಾರೂ ಕರೆಯದಿದ್ದರೂ ಎದ್ದು ನಿಂತು ಗಟ್ಟಿಯಾಗಿ ಹೇಳಿದಳು: "ನಮ್ಮ ಮನ್ಯಾಗ ನಮ್ಮವ್ವನಾ ಗಂಡ್ಮಗ ಅಂತ್ರಿ. ಹಂಗಾ ಹೇಳು ಅಂದ್ಲು ನಮ್ಮಜ್ಜಿ."

ನಾನು ನಕ್ಕುಬಿಟ್ಟೆ. ಮುಗುಳ್ನಗೆಯಲ್ಲ, ಜೋರು ನಗು. "ಅಮ್ಮ ಎಲ್ಲಾದ್ರೂ ಗಂಡುಮಗ ಆಗ್ತಾಳೇನೆ ಪೆದ್ದಿ?" ಅಂದೆ. ಅಕ್ಕೋರು ನಕ್ಕರು ಎಂದ ಮೇಲೆ ಮಕ್ಕಳೂ ನಕ್ಕರು. ಇಪ್ಪತ್ತು ಮಕ್ಕಳು ಚಪ್ಪಾಳೆ ತಟ್ಟಿ "ಗಂಡ್ಮಗ, ಗಂಡ್ಮಗ" ಎಂದು ಕೂಗಿದರು. ಹುಲಿಗಿ ಅಳಲಿಲ್ಲ. ರಿಬ್ಬನ್ನು ಬಿಚ್ಚಿ ಮುಷ್ಟಿಯಲ್ಲಿ ಹಿಡಿದು ಕೂತಳು. ಮಾರನೆಯ ದಿನದಿಂದ ಬರಲಿಲ್ಲ.

ವಾರವಾದ ಮೇಲೆ ಖಾಸಿಂಬಿಯನ್ನು ಕೇಳಿದೆ. ಅವಳು ಕಸ ಗುಡಿಸುವುದನ್ನು ನಿಲ್ಲಿಸದೆ ಹೇಳಿದಳು. "ನೀಲವ್ವನ್ನ ಬಸವಿ ಬಿಟ್ಟಾರ್ರಿ. ಗಂಡು ಹುಟ್ಟದ ಮನ್ಯಾಗ ಮಗಳಿಗೆ ದೇವರ ಹೆಸರಲೆ ಮುತ್ತು ಕಟ್ಟಿ ಮನ್ಯಾಗ ಇಟ್ಕೊಂತಾರ. ಆಕಿಗೆ ಲಗ್ನ ಇಲ್ಲ. ಮನಿ, ಹೊಲ, ಅವ್ವ ಸತ್ರ ಬೆಂಕಿ ಇಡೋದು, ಎಲ್ಲಾ ಆಕೀದ. ಮಕ್ಕಳು ಆಕಿ ಮನಿ ಮಕ್ಕಳು. ಹುಡುಗಿ ಖರೇನ ಹೇಳ್ಯಾಳ."

"ನನಗೆ ಮೊದಲೇ ಯಾಕೆ ಹೇಳಲಿಲ್ಲ ಖಾಸಿಂಬಿ?"

"ನೀವು ಕೇಳಲಿಲ್ಲಲ್ರಿ. ಕಲ್ಸಾಕ ಬಂದೋರು ನೀವು."

ಊರಿಗೆಲ್ಲ ಗೊತ್ತಿದ್ದದ್ದು, ಮೂರು ವರ್ಷದ ಮಗುವಿಗೂ ಗೊತ್ತಿದ್ದು ಸುಮ್ಮನಿದ್ದದ್ದು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಹುಲಿಗಿಯನ್ನು ನೋಡಿ ನಗುವುದು ಆ ಮಕ್ಕಳಿಗೆ ಗೊತ್ತಿರಲಿಲ್ಲ. ಅದನ್ನು ನಾನು ಕಲಿಸಿದೆ. ಸಮಾಜ ಪರಿಚಯದಲ್ಲಿ ನಾನು ಕಲಿಸಿದ ಮೊದಲ ಪಾಠ ಅದು.

ಕ್ಷಮೆ ಕೇಳಬೇಕೆಂದೇ ನೀಲವ್ವನ ಮನೆಗೆ ಹೋದೆ. ಗದ್ದೆಯಲ್ಲಿ ನಾಟಿ ಮುಗಿಸಿ ಬಂದ ಆಕೆಯ ಮೊಣಕಾಲಿನವರೆಗೂ ಕೆಸರು ಒಣಗಿತ್ತು. "ಬರ್ರಿ ಅಕ್ಕೋರ, ಕುಂದರ್ರಿ" ಎಂದು ಕಂಬಳಿ ಹಾಸಿ ಮಜ್ಜಿಗೆ ಕೊಟ್ಟಳು. ಹುಲಿಗಿ ಕಂಬದ ಹಿಂದೆ ನಿಂತು ನೋಡುತ್ತಿದ್ದಳು. ಮೂಲೆಯಲ್ಲಿ ಅವಳ ಅಜ್ಜಿ ಕಾಳು ಹಸನು ಮಾಡುತ್ತಿದ್ದರು. ದಾರಿಯುದ್ದಕ್ಕೂ ನಾನು ಕ್ಷಮೆಯ ಮಾತು ಜೋಡಿಸಿಕೊಂಡು ಬಂದಿದ್ದೆ. "ಮಗು ಬಂದಿಲ್ಲವಲ್ಲ, ಜ್ವರವೇನೋ ಅಂತ ನೋಡಲು ಬಂದೆ" ಅಂದೆ. ನಾಚಿಕೆಗೇಡು.

ನೀಲವ್ವ ನನ್ನನ್ನು ಹಂಗಿಸಲಿಲ್ಲ. ಹೊರಗೆ ಬೀಳ್ಕೊಡುವಾಗ ದನಿ ತಗ್ಗಿಸಿ ಹೇಳಿದಳು: "ನಂಗ ಮುತ್ತು ಕಟ್ಟಿದ್ದು ನನ್ನ ಕೇಳಿ ಅಲ್ರಿ. ಹತ್ತು ವರ್ಸದಾಕಿ ಇದ್ದೆ. ನನ್ನ ಮಗಳಿಗೆ ಕಟ್ಟಾಕ ಬಿಡಾಂಗಿಲ್ಲ. ಅದಕ್ಕಾ ಸಾಲಿಗೆ ಕಳ್ಸೀನಿ. ಸಾಲಿ ಬಿಟ್ಲು ಅಂದ್ರ ನಮ್ಮವ್ವ ಸುಮ್ನ ಕುಂದ್ರಾಂಗಿಲ್ಲ. ನಗೋದು ನಕ್ರಿ, ಹೋಗ್ಲಿ. ನೀವು ಏನೋ ಬುಕ್ಕು ಬರೀತೀರಂತಲ್ರಿ, ಅದ್ರಾಗ ನಮ್ಮಂಥಾ ಮನೀನೂ ಒಂದು ಬರೀರಿ. ಹೆಂಗ ಐತೋ ಹಂಗ. ಆಮ್ಯಾಲ ಯಾರೂ ಕೇಳಾಂಗಿಲ್ಲ."

ಬರೆಯುತ್ತೇನೆ ಎಂದು ಮಾತು ಕೊಟ್ಟೆ. ಬರೆದೆ ಕೂಡ. ತಂದೆಯ ಹೆಸರಿನ ಸಾಲು ಹೊಡೆದುಹಾಕಿ, 'ನಮ್ಮ ಮನೆಯಲ್ಲಿ ಯಾರು ಯಾರಿದ್ದಾರೆ' ಎಂದು ಪಾಠ ತಿದ್ದಿದೆ. ಕೆಲವು ಮನೆಗಳಿಗೆ ಅಪ್ಪ ಹಿರಿಯ, ಕೆಲವಕ್ಕೆ ಅಜ್ಜಿ, ಕೆಲವಕ್ಕೆ ಅಮ್ಮನೇ ಎಲ್ಲ ಎಂದು ಒಂದು ಪುಟ ಬರೆದು, ಮಾಳಿಗೆ ಮನೆಯ ಮುಂದೆ ಅಜ್ಜಿ, ಅವ್ವ, ಮಗಳು ನಿಂತ ಚಿತ್ರ ಹಾಕಿದೆ.

ಬಳ್ಳಾರಿಯ ಸಭೆಯಲ್ಲಿ ಅಧ್ಯಕ್ಷೆ ಆ ಪುಟದಲ್ಲಿ ಬೆರಳಿಟ್ಟು, "ಇದ್ಯಾಕ್ರಿ, ತಂದಿ ಹೆಸರು ತಗದೀರಿ?" ಎಂದರು. ಒಳ್ಳೆಯ ಸೀರೆಯುಟ್ಟ ಹತ್ತು ಜನ ಹೆಂಗಸರು ನನ್ನ ಕಡೆ ತಿರುಗಿದರು. ನೀಲವ್ವನ ಮನೆಯ ಸಂಗತಿ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ನನ್ನನ್ನು ಏನೆಂದುಕೊಂಡಾರು, ಎಂಥೆಂಥ ಮನೆಗೆಲ್ಲ ಹೋಗುತ್ತಾಳೆ ಅಂದಾರು ಎಂಬ ಅಳುಕು. "ಚಿಕ್ಕ ಮಕ್ಕಳ ನಾಲಿಗೆಗೆ ದೊಡ್ಡವರ ಹೆಸರು ತಿರುಗಲ್ಲ, ಅದಕ್ಕೆ" ಅಂದೆ. ಎಲ್ಲರೂ ನಕ್ಕು ಒಪ್ಪಿದರು. "ಹಂಗಾದ್ರ ಈ ಚಿತ್ರ ಯಾಕ? ಮೊದಲಿಂದು ಚೆಂದ ಇತ್ತು" ಎಂದು ನನ್ನ ಹೆಂಚಿನ ಮನೆಯನ್ನೇ ಉಳಿಸಿ, ಆ ಪುಟ ಹರಿದು ಪಕ್ಕಕ್ಕಿಟ್ಟರು. ನಾನು ಮಿಕ್ಕ ಹಾಳೆಗಳನ್ನು ಜೋಡಿಸಿ ಅವರ ಕೈಗಿತ್ತೆ. ಸೈಕ್ಲೋಸ್ಟೈಲ್ ಆದ ಪ್ರತಿಗಳು ಕುರುಗೋಡಿಗೂ ಹೋದವು, ಹಚ್ಚೊಳ್ಳಿಗೂ ಹೋದವು. ಕೊನೆಯಲ್ಲಿ ನನ್ನ ಹೆಸರಿತ್ತು.

ದಸರೆ ಕಳೆದು ಬಾಲವಾಡಿ ತೆರೆದಾಗ ನೀಲವ್ವನೇ ಮಗಳ ಕೈಹಿಡಿದು ಬಂದಳು. "ಬರದ್ರ್ಯಾ ಅಕ್ಕೋರ?" ಎಂದು ಕೇಳಿದಳು. "ಹೂಂ" ಅಂದೆ. ಆಕೆಗೆ ಓದು ಬಾರದು. ಆಕೆ ಕೈಮುಗಿದಳು.

ಅಂದು ಹೊಸ ಪಾಠ. "ಹುಲಿಗೆಮ್ಮ, ನಿಮ್ಮ ಮನೇಲಿ ಯಾರು ಯಾರಿದಾರೆ?" ಅಂದೆ, ಆದಷ್ಟು ಮೆತ್ತಗೆ. ಹುಲಿಗಿ ಎದ್ದಳು, ನಾನು ಕಲಿಸಿದಂತೆಯೇ ಕೈಕಟ್ಟಿದಳು.

"ನಮ್ಮ ತಂದೆ ಬಸಪ್ಪ. ನಮ್ಮ ತಾಯಿ ನೀಲಮ್ಮ."

ಬಸಪ್ಪ ಪಕ್ಕದಲ್ಲಿ ಕೂತಿದ್ದ ಶೇಖರನ ಅಪ್ಪನ ಹೆಸರು. ಶೇಖರ ಅವಳ ಮುಖ ನೋಡಿದ. ಯಾರೂ ನಗಲಿಲ್ಲ. ಖಾಸಿಂಬಿ ನೆಲ ನೋಡುತ್ತಿದ್ದಳು. ಹುಲಿಗಿ ಮಾತ್ರ ಡಬ್ಬಿ ನೋಡುತ್ತಿದ್ದಳು. ಬೇಡ ಕಂದ, ನೀನು ಮೊದಲು ಹೇಳಿದ್ದೇ ಸರಿ ಎಂದು ನಾನು ಹೇಳಬೇಕಿತ್ತು. ಹೂವು ತೆಗೆದು ಅವಳ ಎದೆಗೆ ಚುಚ್ಚಿದೆ.

ಹತ್ತು ವರ್ಷವಾಯಿತು. ಹುಲಿಗಿಗೆ ಮುತ್ತು ಕಟ್ಟಲಿಲ್ಲ. ಈಗ ಹೈಸ್ಕೂಲಿಗೆ ಹೋಗುತ್ತಾಳೆ, ದಾರಿಯಲ್ಲಿ ಸಿಕ್ಕರೆ "ಆರಾಮ ಅದೀರೇನ್ರಿ ಅಕ್ಕೋರ?" ಎಂದು ನಿಂತು ಮಾತಾಡಿಸುತ್ತಾಳೆ. ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರು ಬಸಪ್ಪ ಎಂದೇ ಇದೆ. ನೀಲವ್ವನ ಹತ್ತಿರ ಒಮ್ಮೆ ಆ ಮಾತು ತೆಗೆದೆ. "ಇರ್ಲಿ ಬಿಡ್ರಿ, ಎಲ್ಲಾ ಕಡೆ ಕೇಳ್ತಾರಲ್ಲ, ಒಂದು ಹೆಸರು ಬೇಕಾಗತೈತಿ" ಎಂದಳು. ಬಳ್ಳಾರಿಯಲ್ಲಿ ಹರಿದಿಟ್ಟ ಪುಟದ ವಿಷಯ ಆಕೆಗೆ ಇಂದಿಗೂ ಹೇಳಿಲ್ಲ. ಇದನ್ನು ಓದುವ ನಿಮಗೆ ಬರೆಯುತ್ತಿದ್ದೇನೆ. ನೀವು ದೂರ ಇದ್ದೀರಿ, ಅದಕ್ಕೇ ಸುಲಭ.

ನಾವು ಇಲ್ಲೇ ಉಳಿದೆವು. ರಜೆಗೆ ಮೈಸೂರಿಗೆ ಹೋದರೆ ನನ್ನ ಬಾಯಲ್ಲಿ 'ಐತಿ' ಬಂತೆಂದು ತಂಗಿ ನಗುತ್ತಾಳೆ, ನೀನೀಗ ಬಳ್ಳಾರಿಯವಳು ಅನ್ನುತ್ತಾಳೆ. ಇಲ್ಲಿ ಯಾವುದಾದರೂ ಮನೆಯ ಶುಭಕಾರ್ಯದಲ್ಲಿ ನನ್ನನ್ನು ತೋರಿಸಿ "ಮೈಸೂರಿನೋರು" ಅನ್ನುತ್ತಾರೆ. ಯಾವ ಊರ್ರಿ ನಿಮ್ಮದು ಎಂದು ಬಸ್ಸಿನಲ್ಲಿ ಯಾರಾದರೂ ಕೇಳಿದರೆ ಒಂದು ಗಳಿಗೆ ಅವರ ಮುಖ ನೋಡುತ್ತೇನೆ. ಅವರಿಗೆ ಯಾವ ಹೆಸರು ಬೇಕಾಗಿದೆಯೋ ಅದನ್ನೇ ಹೇಳಿ ಕೈಕಟ್ಟಿ ಕೂರುತ್ತೇನೆ. ಹುಲಿಗಿಯಿಂದ ಕಲಿತದ್ದು.